ಹೂಕುಂಡಕ್ಕೆ ನೆರಳಿರಲಿಲ್ಲ

"ಹಾರುವ ನೊಣದ ಎಡಗಣ್ಣು ನೋಡಿದರೆ ಸಾಕು, ಅದು ಬೆಳಿಗ್ಗೆ ಯಾರ ಮನೆ ಸಕ್ಕರೆ ಡಬ್ಬಿ ಮೇಲೆ ಕೂತಿತ್ತು ಅಂತ ಹೇಳಿಬಿಡ್ತೀನಿ," ಎಂದ ಭೂತಗನ್ನಡಿ. "ಡಬ್ಬಿ ಮುಚ್ಚಳ ಬಿಗಿಯಾಗಿತ್ತೋ ಸಡಿಲವಾಗಿತ್ತೋ, ಅದನ್ನೂ!"

"ನಿನ್ನ ಚಹಾದಲ್ಲೇ ಒಂದು ಬಿದ್ದಿದೆ ಅಪ್ಪಾ," ಎಂದಳು ಮಗಳು, ತಲೆಯೆತ್ತದೆ. "ಅದನ್ನೇ ಕೇಳಿ ನೋಡು."

ಬೆಂಚಿನ ಮೇಲಿದ್ದ ಕುರ್ಚಿಯಮ್ಮ ನಕ್ಕರು. ನಲವತ್ತೊಂದು ವರ್ಷ ಹುಚ್ಚಾಸ್ಪತ್ರೆಯಲ್ಲಿದ್ದು ಬಂದವರ ನಗು ಅಷ್ಟು ಹಗುರವಾಗಿರುತ್ತದೆಂದು ಭೂತಗನ್ನಡಿ ಎಣಿಸಿರಲಿಲ್ಲ. ಅವರು ನಕ್ಕಾಗಲೆಲ್ಲ ಅವನು ನೆಲ ನೋಡುತ್ತಿದ್ದ.

ಭೂತಗನ್ನಡಿ ಎಂಬುದು ಜನ ಇಟ್ಟ ಹೆಸರು. ಅಂಗೈಯಗಲದ ಭೂತಗನ್ನಡಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಮೂವತ್ತು ವರ್ಷದಿಂದ ಪತ್ತೇದಾರಿ ಮಾಡುತ್ತಿದ್ದ. ಸೈಕಲ್ ಅಂಗಡಿಯ ಮೇಲಿನ ಒಂಟಿ ಕೋಣೆಯೇ ಅವನ ಕಚೇರಿ. ಅವನ ಬಾಯಲ್ಲಿ ಅದು ಏಳು ಸೀಮೆಯ ಕಳ್ಳರ ನಿದ್ದೆ ಕೆಡಿಸುವ ಜಾಗ; ಅದರ ಮೆಟ್ಟಿಲು ಹತ್ತುವಾಗಲೇ ಅರ್ಧ ಅಪರಾಧಿಗಳು ತಪ್ಪೊಪ್ಪಿಕೊಂಡು ಮುಕ್ಕಾಲು ದಾರಿಯಿಂದ ನೇರ ಜೈಲಿಗೆ ನಡೆದುಬಿಡುತ್ತಾರೆ. ಹೋದ ವರ್ಷ ಅಲ್ಲಿ ನಿಜವಾಗಿ ಪತ್ತೆಯಾದದ್ದು ಎರಡು ಸೈಕಲ್ಲು, ಒಬ್ಬ ಗಂಡ, ಮತ್ತು ಭೂತಗನ್ನಡಿಯ ಸ್ವಂತ ಕನ್ನಡಕ. ಅದೂ ಅವನ ಹಣೆಯ ಮೇಲೇ.

ಇವತ್ತು ಮಾತ್ರ ಬುರುಡೆಗಳು ಅಷ್ಟಾಗಿ ಹಾರುತ್ತಿರಲಿಲ್ಲ.

ನಾಳೆ ಹನ್ನೊಂದಕ್ಕೆ ಆಸ್ಪತ್ರೆಯ ಸಮಿತಿ ಕೂಡುತ್ತದೆ. ಹತ್ತೊಂಬತ್ತು ತುಂಬಿದ ಹುಡುಗಿಯಾಗಿದ್ದಾಗ ಕುರ್ಚಿಯಮ್ಮನನ್ನು ಒಳಗೆ ಹಾಕಿದ್ದು ಒಂದೇ ಕಾರಣಕ್ಕೆ: ಇಲ್ಲದ ಗಂಡಸೊಬ್ಬನನ್ನು ಇದ್ದಾನೆ ಅನ್ನುತ್ತಾಳೆ, ಅವನನ್ನೇ ಮದುವೆಯಾಗುತ್ತೇನೆ ಅನ್ನುತ್ತಾಳೆ. ಈಗ ಮೂರು ವಾರದ ಮಟ್ಟಿಗೆ ಹೊರಗೆ ಬಿಟ್ಟಿದ್ದರು. ಕೆಲಸದಿಂದ ನಿವೃತ್ತಳಾದ ನರ್ಸೊಬ್ಬಳು ತನ್ನ ಮನೆಯಲ್ಲಿಟ್ಟುಕೊಂಡಿದ್ದಳು. ಆ ಗಂಡಸು ಇದ್ದ ಎಂಬುದಕ್ಕೆ ನಾಳೆ ಸಾಕ್ಷಿ ಕೊಟ್ಟರೆ ಬಿಡುಗಡೆ. ಕೊಡದಿದ್ದರೆ ಸಂಜೆಯೊಳಗೆ ಮತ್ತೆ ಅದೇ ವಾರ್ಡು, ಕಿಟಕಿಯಿಂದ ಮೂರನೆಯ ಮಂಚ.

ಕುರ್ಚಿಯಮ್ಮ ಎಂಬ ಹೆಸರು ಬಂದದ್ದೂ ಅಲ್ಲೇ. ಎಲ್ಲಿ ಕೂತರೂ ಅವರು ಎಡಗಡೆ ಒಬ್ಬರಿಗಾಗುವಷ್ಟು ಜಾಗ ಬಿಡುತ್ತಿದ್ದರು. ಇಲ್ಲೂ ಬೆಂಚಿನ ಬಲತುದಿಗೆ ಒತ್ತಿ ಕೂತಿದ್ದರು. ಎಡಗಡೆ ಖಾಲಿ.

"ಅಪ್ಪಾ, ಇಲ್ಲಿ ಬಾ," ಎಂದಳು ಮಗಳು ಕಿಟಕಿಯ ಬಳಿಯಿಂದ. ಅವಳ ಕೈಯಲ್ಲಿ ಕುರ್ಚಿಯಮ್ಮ ತಂದಿದ್ದ ಹಳೆಯ ಫೋಟೋ. "ಈ ಹೂಕುಂಡ ನೋಡು."

"ನೋಡಿದೀನಿ. ಲಕ್ಷ ಸಲ."

"ಒಂದು ಸಲವೂ ನೋಡಿಲ್ಲ. ಎರಡು ವಾರದಿಂದ ನಾನೂ ನಿನ್ನನ್ನ ನೋಡ್ತಿದೀನಿ. ಜೇಬಿನಿಂದ ಆ ಕನ್ನಡಿ ತೆಗೆದು ಕಾಗೆ ರೆಕ್ಕೆ ನೋಡ್ತೀಯ, ಬಸ್ ಟಿಕೆಟ್ ನೋಡ್ತೀಯ. ಇದರ ಮೇಲೆ ಮಾತ್ರ ಒಂದು ಸಲವೂ ಹಿಡಿದಿಲ್ಲ."

ಭೂತಗನ್ನಡಿ ಚಹಾದ ಲೋಟ ಬದಿಗಿಟ್ಟ. ಎದ್ದುಹೋಗಿ ನೋಡಿದ.

ಕಂದುಬಣ್ಣಕ್ಕೆ ತಿರುಗಿದ ಸ್ಟುಡಿಯೋ ಫೋಟೋ. ಅಗಲವಾದ ಸೋಫಾದ ಬಲಗಡೆ ಹುಡುಗಿ. ಮುಖ ಪೂರ್ತಿ ಎಡಕ್ಕೆ ತಿರುಗಿಸಿ, ಬಾಯ್ತುಂಬ ನಕ್ಕಿದ್ದಾಳೆ. ಎಡಗೈ ಸೋಫಾದ ಮೇಲೆ ಅಂಗಾತ ಬಿದ್ದಿದೆ, ಬೆರಳು ಅರ್ಧ ಮಡಚಿ, ಯಾವುದನ್ನೋ ಹಿಡಿದಂತೆ. ಅವಳು ನೋಡುತ್ತಿರುವ ಕಡೆ ಕಪ್ಪು ಪರದೆ, ಅದರ ಮುಂದೆ ಸ್ಟ್ಯಾಂಡಿನ ಮೇಲೊಂದು ಹೂಕುಂಡ. ಹೂಕುಂಡವನ್ನು ನೋಡಿ ಅಷ್ಟು ಪ್ರೀತಿಯಿಂದ ನಗುವ ಹುಡುಗಿಯನ್ನು ಯಾವ ಡಾಕ್ಟರು ಬೇಕಾದರೂ ಒಳಗೆ ಹಾಕುತ್ತಿದ್ದ.

"ಸೋಫಾದ ಕಾಲಿಗೆ ನೆರಳಿದೆ," ಎಂದಳು ಮಗಳು. "ಇವರ ಚಪ್ಪಲಿಗೂ ಇದೆ. ಎಲ್ಲ ಬಲಕ್ಕೆ. ಹೂಕುಂಡಕ್ಕೆ ಎಲ್ಲಿದೆ ನೆರಳು?"

ಇರಲಿಲ್ಲ.

ನಲವತ್ತೊಂದು ವರ್ಷದ ಹಿಂದೆ ಅದೊಂದು ಅವನಿಗೆ ಮರೆತುಹೋಗಿತ್ತು. ಮೂಗಿನ ತುದಿ ಗಾಜಿನ ನೆಗೆಟಿವ್‌ಗೆ ತಾಗುವ ಹಾಗೆ ಎರಡು ಸಂಜೆ ಬಗ್ಗಿ ಕೂತು, ಗಂಡಸಿನ ಬಿಳಿ ಅಂಗಿಯನ್ನು ಚೂಪು ಚಾಕುವಿನಲ್ಲಿ ಎಳೆ ಎಳೆಯಾಗಿ ಕೆರೆದು ಕಪ್ಪು ಪರದೆ ಮಾಡಿದ್ದ. ಮುಖ ಇದ್ದ ಜಾಗದಲ್ಲಿ ಪೆನ್ಸಿಲಿನಿಂದ ಹೂ ಬಿಡಿಸಿದ್ದ. ಸ್ಟುಡಿಯೋದ ಹಿಂಬದಿ ಕೋಣೆಯಲ್ಲಿ ನೆಗೆಟಿವ್ ತಿದ್ದುವ ಕೆಲಸ. ವಯಸ್ಸು ಇಪ್ಪತ್ತೆರಡು. ಗಾಜಿನ ಮೇಲೆ ಕೆರೆದದ್ದು ಕಾಗದದ ಮೇಲೆ ಕಪ್ಪಾಗುತ್ತದೆ, ಪೆನ್ಸಿಲ್ ಹಚ್ಚಿದ್ದು ಬಿಳಿಯಾಗುತ್ತದೆ, ಅಷ್ಟೇ ವಿದ್ಯೆ. ಆ ವಿದ್ಯೆಯಲ್ಲಿ ಮೊಡವೆ ತೆಗೆದಿದ್ದ, ಸುಕ್ಕು ತೆಗೆದಿದ್ದ, ಬೊಕ್ಕತಲೆಗೆ ಕೂದಲು ಬೆಳೆಸಿದ್ದ. ಇಡೀ ಮನುಷ್ಯನನ್ನು ತೆಗೆದದ್ದು ಅದೊಂದೇ ಸಲ.

ಎರಡು ವಾರದ ಹಿಂದೆ ಕುರ್ಚಿಯಮ್ಮ ಈ ಫೋಟೋವನ್ನು ಮೇಜಿನ ಮೇಲಿಟ್ಟಾಗ ಅವನಿಗೆ ಗುರುತು ಹತ್ತಲು ಒಂದು ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಕೇಸು ಬೇಡವೆನ್ನಬಹುದಿತ್ತು. ಒಪ್ಪಿಕೊಂಡ. ಬೇರೆ ಪತ್ತೇದಾರನ ಕೈಗೆ ಸಿಕ್ಕರೆ ದಾರಿ ನೇರ ತನ್ನ ಬಾಗಿಲಿಗೆ ಬರುತ್ತದೆ. ತನ್ನ ಕೈಯಲ್ಲೇ ಇದ್ದರೆ ಬೇಕಾದ ಕಡೆ ತಿರುಗಿಸಬಹುದು. ತಿರುಗಿಸಿದ್ದೂ ಆಗಿತ್ತು, ಅವರ ಅಣ್ಣನ ಕಡೆಗೆ.

"ಯಾರೋ ತಿದ್ದಿದಾರೆ, ಅಷ್ಟು ಖಚಿತ," ಎಂದಳು ಮಗಳು.

"ಯಾರೋ ಏನು ಬಂತು! ನಾನು ಮೊದಲ ದಿನವೇ ಹೇಳಲಿಲ್ವಾ?" ಭೂತಗನ್ನಡಿ ಗಂಟಲು ಸರಿಮಾಡಿಕೊಂಡ. ಮಾತು ಶುರುವಾದರೆ ಅವನಿಗೆ ಧೈರ್ಯ ತಾನಾಗಿ ಬರುತ್ತಿತ್ತು. "ಇವರಣ್ಣ! ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಸ್ಟುಡಿಯೋದ ಹತ್ತೊಂಬತ್ತು ಮೆಟ್ಟಿಲನ್ನ ಎರಡೆರಡಾಗಿ ಹಾರಿ ಹತ್ತಿ ಬಂದಿದಾನೆ. ಕಣ್ಣು ಕೆಂಡ. ಹಿಂದೆ ಇಬ್ಬರು ದಾಂಡಿಗರು, ಒಬ್ಬೊಬ್ಬರ ತೋಳು ನಮ್ಮ ಬಾಗಿಲಷ್ಟು. ಆ ಬಡಪಾಯಿ ಕೆಲಸಗಾರನ ಕತ್ತುಪಟ್ಟಿ ಹಿಡಿದು, 'ಅವನನ್ನ ಅಳಿಸ್ತೀಯೋ, ನಿನ್ನನ್ನ ಅಳಿಸಲೋ?' ಅಂದಿದಾನೆ."

"ನಿನ್ನೆ ನಾನು ಅವರನ್ನ ನೋಡಿ ಬಂದೆನಲ್ಲ," ಎಂದಳು ಮಗಳು. "ಊರುಗೋಲು ಹಿಡಿದು ಎಡಗಾಲು ಎಳೀತಾ ಬಂದು ಬಾಗಿಲು ತೆಗೆದರು. ತಂಗೀನ ಒಳಗೆ ಹಾಕಿಸೋ ಕಾಗದಕ್ಕೆ ಸಹಿ ಹಾಕಿದ್ದು ನಾನೇ ಅಂತ ಕೇಳೋಕೆ ಮುಂಚೆಯೇ ಒಪ್ಪಿಕೊಂಡು ಅತ್ತರು. ಆದರೆ ಫೋಟೋನ ಡಾಕ್ಟರು ತೋರಿಸೋವರೆಗೂ ನೋಡೇ ಇರಲಿಲ್ಲ ಅಂದರು. ಅಷ್ಟನ್ನ ಒಪ್ಪಿಕೊಂಡವರು ಇದೊಂದನ್ನ ಯಾಕೆ ಮುಚ್ಚಿಡ್ತಾರೆ?"

"ಕಳ್ಳರು ಹಾಗೇ ಕಣೇ! ದೊಡ್ಡದು ಒಪ್ಪಿ ಚಿಕ್ಕದು ಮುಚ್ಚಿಡ್ತಾರೆ."

ಹೇಳಿದ ಮೇಲೆ ಅದು ತನ್ನ ಬಗ್ಗೆಯಲ್ಲ, ತಾನು ದೊಡ್ಡದನ್ನೂ ಒಪ್ಪಿಲ್ಲ ಎಂದು ಅವನಿಗೆ ಹೊಳೆಯಿತು.

ಕುರ್ಚಿಯಮ್ಮನ ಕಣ್ಣು ಎದುರಿನ ಗೋಡೆಯ ಮೇಲಿತ್ತು. ಅಲ್ಲಿ ತೀರಿಹೋದ ಅವನ ಹೆಂಡತಿಯ ಫೋಟೋ.

ಭೂತಗನ್ನಡಿ ಸರಕ್ಕನೆ ಬಂದು ಅವರ ಎದುರಿಗೆ ಸ್ಟೂಲು ಎಳೆದುಕೊಂಡು ಕೂತ. "ತಾಯಿ, ಒಂದು ಮಾತು. ನೆರಳು ಗಿರಳು ಸಮಿತಿಯವರಿಗೆ ಅರ್ಥ ಆಗಲ್ಲ. ಒಂದು ಸುಲಭದ ದಾರಿ ಇದೆ. 'ಯಾರೂ ಇರಲಿಲ್ಲ, ಚಿಕ್ಕ ವಯಸ್ಸು, ಏನೋ ಕಲ್ಪಿಸಿಕೊಂಡಿದ್ದೆ, ಈಗ ಸರಿಯಾಗಿದೀನಿ' ಅಂದುಬಿಡಿ. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡ್ತೀರಿ."

ಮಗಳು ಫೋಟೋ ಕೆಳಗಿಟ್ಟು ಅಪ್ಪನನ್ನೇ ನೋಡಿದಳು.

"ಅದೇ ಮಾತನ್ನ ಪ್ರತಿ ವರ್ಷ ಹೇಳಿಕೊಟ್ಟರು ಪತ್ತೇದಾರರೇ," ಎಂದರು ಕುರ್ಚಿಯಮ್ಮ. "ಒಂದೇ ಒಂದು ಸಲ ಅಂದಿದ್ದರೆ ಇಪ್ಪತ್ತರಲ್ಲೇ ಆಚೆ ಬರ್ತಿದ್ದೆ. ಈ ಫೋಟೋನ ನನ್ನ ಮಂಚದ ತಲೆ ಹತ್ರ ನೇತುಹಾಕಿದ್ರು. ದಿನಾ ನೋಡು, ಪಕ್ಕ ಯಾರೂ ಇಲ್ಲ ಅಂತ ನಿನಗೇ ಒಂದಿನ ಗೊತ್ತಾಗುತ್ತೆ ಅಂತ."

"ಗೊತ್ತಾಯ್ತಾ?" ಮಗಳು ಮೆಲ್ಲಗೆ ಕೇಳಿದಳು.

"ನಮ್ಮನೇಲಿ ಒಂದು ಗೋಡೆ ಗಡಿಯಾರ ಇತ್ತಮ್ಮ. ಅದನ್ನ ರಿಪೇರಿ ಮಾಡೋಕೆ ಬಂದವನು ಅವನು. ಅರ್ಧ ಗಂಟೆ ಕೆಲಸ. ನಾಲ್ಕು ದಿನ ಮಾಡಿದ. ಐದನೇ ದಿನ ಗಡಿಯಾರ ಸರಿಹೋಗಿಬಿಡ್ತು, ಪಾಪ. ಆರನೇ ದಿನ ನಾನೇ ಲೋಲಕಕ್ಕೆ ದಾರ ಕಟ್ಟಿ ನಿಲ್ಲಿಸಿದೆ." ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ಬಂದು ದಾರ ನೋಡಿದ. ಏನೂ ಅನ್ನಲಿಲ್ಲ. 'ಇದು ದೊಡ್ಡ ರಿಪೇರಿ, ಒಂದು ತಿಂಗಳಾದರೂ ಬೇಕು' ಅಂದ."

ಮಗಳೂ ನಕ್ಕಳು. ಭೂತಗನ್ನಡಿಗೆ ನಗು ಬರಲಿಲ್ಲ.

"ಅಣ್ಣ ಹಗಲೆಲ್ಲ ಕೆಲಸಕ್ಕೆ ಹೋಗ್ತಿದ್ದ. ಅವನ ಕಣ್ಣಿಗೆ ಬಿದ್ದದ್ದು ಚೆನ್ನಾಗಿ ಓಡೋ ಗಡಿಯಾರ ಒಂದೇ. ಒಂದಿನ ಇವನು ಬರೋದು ನಿಂತುಹೋಯ್ತು. ಬಾಡಿಗೆಗಿದ್ದ ಕೋಣೆ ಖಾಲಿ. ನಾನು ಊಟ ಬಿಟ್ಟೆ. ಯಾರವನು, ಎಲ್ಲಿದಾನೆ ಅಂತ ಅಣ್ಣ ಕೇಳಿದ್ರೆ ತೋರಿಸೋಕೆ ಏನಿತ್ತು ನನ್ನ ಹತ್ರ? ಆದ್ರೂ ಡಾಕ್ಟರು ಕೆಟ್ಟವರಲ್ಲ. 'ಸಾಕ್ಷಿ ಏನಾದ್ರೂ ಇದ್ಯಾ ಮಗಳೇ?' ಅಂದ್ರು. ನಾನೇ ಸ್ಟುಡಿಯೋ ರಸೀದಿ ಕೊಟ್ಟೆ. 'ತರಿಸಿ ನೋಡಿ, ಅದರಲ್ಲಿ ನನ್ನ ಪಕ್ಕ ಕೂತಿದಾನೆ' ಅಂದೆ. ತರಿಸಿದ್ರು."

ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸಿ ಬಿಟ್ಟರು. ಅದು ಬಹಳ ಹೊತ್ತು ಟಿಕಟಿಕವೆಂದು ತಿರುಗಿ ನಿಂತಿತು.

"ಪತ್ತೇದಾರರೇ, ಆ ಗೋಡೆ ಮೇಲಿರೋರು ನಿಮ್ಮನೆಯವರಾ?"

"ಹೌದು ತಾಯಿ. ಹೋಗಿ ಆರು ವರ್ಷವಾಯ್ತು."

"ಕಣ್ಣು ಎಷ್ಟು ಚೆನ್ನಾಗಿದೆ. ಎಡಗಣ್ಣಲ್ಲಿ ಎರಡು ಬೆಳಕು."

ಭೂತಗನ್ನಡಿ ತಿರುಗಿ ನೋಡಲಿಲ್ಲ. ನೋಡುವುದು ಬೇಕಿರಲಿಲ್ಲ.

"ಎಲ್ಲರ ಫೋಟೋದಲ್ಲೂ ಕಣ್ಣಲ್ಲಿ ಒಂದು ಬಿಳಿ ಚುಕ್ಕೆ ಇರುತ್ತೆ, ದೀಪದ್ದು," ಎಂದರು ಕುರ್ಚಿಯಮ್ಮ, ಯಾರಿಗೋ ಅಡುಗೆ ಹೇಳಿಕೊಡುವ ದನಿಯಲ್ಲಿ. "ನನ್ನದರಲ್ಲಿ ಎಡಗಣ್ಣಿನ ಕೆಳಮೂಲೇಲಿ ಇನ್ನೊಂದಿದೆ, ಸಾಸಿವೆಗಿಂತ ಚಿಕ್ಕದು. ಮಾಡೋಕೆ ಬೇರೆ ಕೆಲಸ ಇಲ್ಲದೆ ನೋಡ್ತಾ ಇದ್ದೆನಲ್ಲ, ಅದೂ ಸಿಕ್ತು. ಇದು ದೀಪದ್ದಲ್ಲ, ಯಾರೋ ಬೇಕಂತಲೇ ಇಟ್ಟದ್ದು ಅಂದುಕೊಂಡೆ. ಮೊದಲ ದಿನ ಇಲ್ಲಿ ಕೂತಾಗ ಗೋಡೆ ಮೇಲೂ ಅದೇ ಚುಕ್ಕೆ ಕಂಡಿತು."

ಮಗಳು ಮೇಜಿನ ಮೇಲಿದ್ದ ಭೂತಗನ್ನಡಿಯನ್ನು ತೆಗೆದುಕೊಂಡಳು. ಮೊದಲು ಗೋಡೆಯ ಮೇಲಿನ ಅಮ್ಮ. ಆಮೇಲೆ ಕೈಯಲ್ಲಿದ್ದ ಹುಡುಗಿ. ಬಹಳ ಹೊತ್ತು ನೋಡಿದಳು.

"ನಾನು ಚಿಕ್ಕವಳಿದ್ದಾಗ ನನ್ನ ಫೋಟೋ ತೋರಿಸಿ ನೀನು ಹೇಳ್ತಿದ್ದೆ," ಎಂದಳು. "'ಈ ಎರಡನೇ ಚುಕ್ಕೆ ನಿಮ್ಮಪ್ಪನ ಸಹಿ ಕಣೇ, ಇಡೀ ಭೂಮಂಡಲದಲ್ಲಿ ಇದನ್ನ ಇಡೋನು ನಾನೊಬ್ಬನೇ' ಅಂತ. ನಿನ್ನ ಬುರುಡೆಗಳಲ್ಲಿ ಇದೊಂದು ನಿಜ ಇರುತ್ತೆ ಅಂದುಕೊಂಡಿರಲಿಲ್ಲ ಅಪ್ಪಾ."

ಅವನು ಬಾಯಿ ತೆರೆದ. ಹದಿನಾರು ಸುಳ್ಳುಗಳು ಸಾಲಾಗಿ ನಿಂತಿದ್ದವು, ಒಂದಕ್ಕಿಂತ ಒಂದು ಚೆಂದ. ಸ್ಟುಡಿಯೋದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ತನ್ನ ಗುರು ಹಾಗೆ ಮಾಡುತ್ತಿದ್ದ. ಯಾರೋ ತನ್ನ ಸಹಿ ಕದ್ದರು.

ಬೆಂಚಿನ ಮೇಲಿನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸುಳ್ಳು ಹೇಳುವುದು ಸುಲಭವಿತ್ತು.

"ನಾನೇ," ಎಂದ.

"ಗೊತ್ತು," ಎಂದರು ಕುರ್ಚಿಯಮ್ಮ. "ಎರಡು ವಾರ ಕಾದೆ, ನೀವೇ ಹೇಳ್ತೀರೇನೋ ಅಂತ. ಇವತ್ತೇ ಕೊನೇ ದಿನ, ಅದಕ್ಕೆ ನಾನೇ ಬಾಯಿಬಿಟ್ಟೆ."

"ಹೊಟ್ಟೆಪಾಡು ತಾಯಿ. ಬೆದರಿಸಿದ್ರು. ತೆಗೆಯೋಕೆ ಹೇಳಿದ್ರು, ತೆಗೆದೆ. ಅದನ್ನ ಆಸ್ಪತ್ರೆಗೆ ಒಯ್ತಾರೆ ಅಂತ ನನಗೇನು ಗೊತ್ತು? ದೇವರಾಣೆ ಗೊತ್ತಿರಲಿಲ್ಲ."

"ಕೆರೆಯೋವಾಗ ಗೊತ್ತಿರಲಿಕ್ಕಿಲ್ಲ. ಕೊಡೋವಾಗ?"

ಅವನು ಸ್ಟೂಲನ್ನು ಒಂದಿಷ್ಟು ಹಿಂದಕ್ಕೆ ಸರಿಸಿದ.

"ತರೋಕೆ ಹೋಗಿದ್ದವನು ನಮ್ಮ ವಾರ್ಡಿನ ಆಳು. ಒಳ್ಳೆಯವನು. ಸಾಯೋವರೆಗೂ ಒಂದೇ ಮಾತು ಹೇಳ್ತಿದ್ದ. 'ಸ್ಟುಡಿಯೋದವನನ್ನ ಎರಡೆರಡು ಸಲ ಕೇಳಿದೆ ಮಗಾ. ಇದರಲ್ಲಿ ಇನ್ನೊಬ್ಬರು ಇದ್ರಾ, ಏನಾದ್ರೂ ತಿದ್ದಿದೀರಾ, ಡಾಕ್ಟರು ಕೇಳ್ಕೊಂಡು ಬಾ ಅಂದಿದಾರೆ ಅಂತ.' ಆ ಸ್ಟುಡಿಯೋದವನು ಯಾರು?"

ಭೂತಗನ್ನಡಿಗೆ ಆ ಮಧ್ಯಾಹ್ನ ಪೂರ್ತಿ ನೆನಪಿತ್ತು. ಬಂದ ಆಳಿನ ಗಲ್ಲದ ಮೇಲೆ ಬಿಳಿ ಗಡ್ಡ, ಮೈಮೇಲೆ ಖಾಕಿ ಅಂಗಿ. ಅಂಗಿಯ ಜೇಬಿನ ಮೇಲೆ ಕೆಂಪು ದಾರದಲ್ಲಿ ಆಸ್ಪತ್ರೆಯ ಹೆಸರು ಹೊಲಿದಿತ್ತು. ಅದನ್ನು ಅವನು ಓದಿದ್ದ.

"ನಾನೇ," ಎಂದ ಮತ್ತೆ.

"ಏನಂದ್ರಿ?"

"ಅಪ್ಪಾ, ಏನಂದೆ?" ಎಂದಳು ಮಗಳು.

"ಒಬ್ಬರೇ ಕೂತಿದ್ರು ಅಂದೆ. ಚಾಕು ಮುಟ್ಟಿಸಿಲ್ಲ ಅಂದೆ." ಅವನ ಕೈ ಜೇಬಿನಲ್ಲಿ ಇಲ್ಲದ ಭೂತಗನ್ನಡಿಯನ್ನು ಹುಡುಕುತ್ತಿತ್ತು. "ಯಾರೂ ಬೆದರಿಸಿರಲಿಲ್ಲ ಅವಾಗ. ಅವನು ಫೋಟೋನ ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದ. ಏನೂ ಸಿಗಲಿಲ್ಲ. ನನಗೆ, ತಾಯಿ, ನನಗೆ ಖುಷಿಯಾಗಿಬಿಡ್ತು. ಡಾಕ್ಟರಿಗೇ ಗೊತ್ತಾಗದ ಹಾಗೆ ಕೆಲಸ ಮಾಡಿದೀನಿ ಅಂತ. ಹೌದು, ಇನ್ನೊಬ್ಬ ಇದ್ದ ಅಂದಿದ್ರೆ ಆ ಕೆಲಸ ಅಲ್ಲೇ ಕೆಟ್ಟುಹೋಗ್ತಿತ್ತು. ಹೇಳೋಕೆ ಮನಸ್ಸೇ ಬರಲಿಲ್ಲ."



"ಸಾಯಂಕಾಲ ಬೀದಿಯೆಲ್ಲ ಹೇಳಿಕೊಂಡು ತಿರುಗಿದೆ," ಎಂದ. ಇಷ್ಟು ಹೇಳಿದ ಮೇಲೆ ನಿಲ್ಲಿಸಲು ಆಗಲಿಲ್ಲ. "ಆಸ್ಪತ್ರೆಯವರ ಕಣ್ಣಿಗೇ ಮಣ್ಣೆರಚಿದೆ ಅಂತ. ನಗಾಡಿದ್ರು ಎಲ್ಲರೂ. ಮದುವೆಯಾದ ಮೇಲೆ ಇವಳಮ್ಮನಿಗೂ ಹೇಳಿದೆ. ಅವಳು ನಗಲಿಲ್ಲ. 'ಆ ಹುಡುಗಿ ಏನಾದಳು?' ಅಂದಳು. ಗೊತ್ತಿಲ್ಲ ಅಂದೆ. ಆವತ್ತಿಂದ ಆ ಕಥೆ ಯಾರಿಗೂ ಹೇಳಲಿಲ್ಲ. ಸ್ಟುಡಿಯೋ ಬಿಟ್ಟೆ. ಜನರನ್ನ ಹುಡುಕಿಕೊಡೋ ಕೆಲಸ ಹಿಡಿದೆ. ನಿಮ್ಮನ್ನ ಮಾತ್ರ ಹುಡುಕಲಿಲ್ಲ."

ಮಗಳು ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟಳು, ಕೈಯನ್ನು ತನ್ನ ಬಟ್ಟೆಗೆ ಒರೆಸಿಕೊಂಡಳು. ಅದನ್ನು ನೋಡಿದ್ದಕ್ಕಿಂತ ಹೆಚ್ಚಿನ ಶಿಕ್ಷೆಯನ್ನು ಸಮಿತಿ ಕೊಡಲಾರದು ಎಂದು ಅವನಿಗೆ ಅನಿಸಿತು.

ಕುರ್ಚಿಯಮ್ಮ ತಮ್ಮ ಎಡಗಡೆಯ ಖಾಲಿ ಜಾಗದ ಮೇಲೆ ಕೈಯಿಟ್ಟರು.

"ಅಂದ್ರೆ ಅವನು ಇದ್ದ," ಎಂದರು.

"ಇದ್ದ ತಾಯಿ."

"ಇನ್ನೊಂದು ಸಲ ಹೇಳಿ."

"ಇದ್ದ. ಬಿಳಿ ಅಂಗಿ ಹಾಕಿದ್ದ. ನಿಮ್ಮ ಕೈ ಅವನ ಕೈಯಲ್ಲಿತ್ತು. ಆ ಬೆರಳುಗಳನ್ನ ಬಿಡಿಸೋಕೇ ನನಗೆ ಒಂದು ಸಂಜೆ ಹಿಡೀತು."

ಅವರ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ. ಮಗಳು ಎದ್ದು ಬಂದು ಅವರ ಬಲಗಡೆ, ಬೆಂಚಿನ ತುದಿಯಲ್ಲಿ ನೆಲದ ಮೇಲೆ ಕೂತಳು. ಎಡಗಡೆ ಕೂರಲು ಅವಳಿಗೂ ಮನಸ್ಸು ಬರಲಿಲ್ಲ.

"ನಾಳೆ ಸಮಿತಿ ಮುಂದೆ ಇದನ್ನ ಹೇಳ್ತೀರಾ?"

"ಹೇಳ್ತೀನಿ."

"ನಿಮ್ಮ ಹೆಸರು ಹೋಗುತ್ತೆ."

"ಹೋಗಲಿ."

"ದಾಂಡಿಗರು, ಬಾಗಿಲಿನಂಥ ತೋಳು, ಅವೆಲ್ಲ ಇಲ್ಲದೆ ಹೇಳ್ತೀರಾ?"

"ಇಲ್ಲದೆ ಹೇಳ್ತೀನಿ."

"ಹಾಗಾದ್ರೆ ಈಗಲೇ ರೂಢಿ ಮಾಡಿಕೊಳ್ಳಿ. ಅವರು ಕೇಳೇ ಕೇಳ್ತಾರೆ." ಕುರ್ಚಿಯಮ್ಮ ಸ್ವಲ್ಪ ಮುಂದಕ್ಕೆ ಬಾಗಿದರು. "ಅವನನ್ನ ತೆಗೆದುಹಾಕಿ ಅಂತ ನಿಮ್ಮ ಹತ್ರ ಬಂದವರು ಯಾರು?"

"ಅದೇ, ನಿಮ್ಮ ಅಣ್ಣ..."

"ಮೆಟ್ಟಿಲನ್ನ ಎರಡೆರಡಾಗಿ ಹಾರಿ?"

"ಒಂದೊಂದೇ ಹತ್ತಿರಬಹುದು."

"ನಾವು ಫೋಟೋ ತೆಗೆಸಿಕೊಂಡದ್ದು ತಿಂಗಳ ಮೊದಲನೇ ಭಾನುವಾರ. ಅದಕ್ಕೆ ಮೂರು ದಿನ ಮುಂಚೆ ಅಣ್ಣ ಮಾಳಿಗೆ ಏಣಿಯಿಂದ ಬಿದ್ದು ಎಡಗಾಲು ಎರಡು ಕಡೆ ಮುರಿದುಕೊಂಡಿದ್ದ. ಎರಡು ತಿಂಗಳು ಮಂಚ ಬಿಟ್ಟು ಇಳಿಯಲಿಲ್ಲ. ನನ್ನ ಕಾಗದಕ್ಕೆ ಸಹಿ ಹಾಕಿದ್ದೂ ಮಲಗಿಕೊಂಡೇ. ನಿಮ್ಮ ಮಗಳು ನಿನ್ನೆ ನೋಡಿಬಂದ ಕಾಲು ಅದೇ." ಅವರು ದನಿ ಏರಿಸಲಿಲ್ಲ. "ಅಣ್ಣನ ಮೇಲೆ ಯಾಕೆ ಹಾಕಿದ್ರಿ ಅಂತ ನಾನು ಕೇಳಲ್ಲ. ಬಂದವರು ಯಾರು ಅಂತ ಕೇಳ್ತಿದೀನಿ."

ಭೂತಗನ್ನಡಿ ಮಗಳ ಕಡೆ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ, ಸಹಾಯಕ್ಕೂ ಬರಲಿಲ್ಲ. ಸಾವಿರ ಮುಖ, ಸಾವಿರ ಮೀಸೆ, ಸಾವಿರ ದಾಂಡಿಗರನ್ನು ಹುಟ್ಟಿಸಿದ ಬಾಯಿ ಅವನದು.

ಅವನು ಸ್ಟೂಲಿನಿಂದ ಇಳಿದು ಅವರ ಕಾಲ ಬಳಿ ನೆಲದ ಮೇಲೆ ಕೂತ.

"ಒಬ್ಬನೇ ಬಂದಿದ್ದ," ಎಂದ. "ಮಂಗಳವಾರ, ಸ್ಟುಡಿಯೋ ಬಾಗಿಲು ಹಾಕೋ ಹೊತ್ತಿಗೆ. ಬೆರಳ ತುದಿಯೆಲ್ಲ ಗಡಿಯಾರದ ಎಣ್ಣೆ ಕಲೆ. ಮೇಜಿನ ಮೇಲೆ ಗುರುತು ಬಿತ್ತು, ನಾನೇ ಒರೆಸಿದೆ. 'ಪಟದಿಂದ ನನ್ನನ್ನ ತೆಗೆದುಬಿಡಿ' ಅಂದ. 'ಅವಳ ನಗು ಮಾತ್ರ ಕೆಡದ ಹಾಗೆ ನೋಡ್ಕೊಳ್ಳಿ' ಅಂದ."

ಖಾಲಿ ಜಾಗದ ಮೇಲಿದ್ದ ಕುರ್ಚಿಯಮ್ಮನ ಕೈ ನಿಧಾನವಾಗಿ ಮಡಿಲಿಗೆ ಬಂತು.

"ಇದೂ ಬುರುಡೆ ತಾನೇ ಪತ್ತೇದಾರರೇ?"

ಹೌದು ಅಂದುಬಿಡಬಹುದಿತ್ತು. ಅವರು ಅದನ್ನೇ ಬೇಡುತ್ತಿದ್ದರು.

"ಅಲ್ಲ ತಾಯಿ," ಎಂದ.